ಬಾದಶಾನ ಪಾಲು

ಯಂತ್ರ ಶುರುವಾಗಿ ಮುಕ್ಕಾಲು ತಾಸಾಯಿತೆಂದರೆ ಕುರಿಗಳು ಬರುತ್ತವೆ. ಮೊದಲು ಬಾಗಿಲಲ್ಲಿ ಒಂದು ಕರಿಯ ಮುಖ ಇಣುಕುತ್ತದೆ. ಅದು ಒಳಗೆ ಕಾಲಿಟ್ಟದ್ದೇ ತಡ, ಹಿಂಡಿಗೆ ಹಿಂಡೇ ನುಗ್ಗಿ ಎಂಟು ಮಂಚಗಳ ನಡುವಿನ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಫಿನಾಯಿಲಿನ ವಾಸನೆ ಹೋಗಿ ಮಳೆಯಲ್ಲಿ ನೆಂದ ಉಣ್ಣೆಯ ವಾಸನೆ ಏಳುತ್ತದೆ. ಧೊಂಡಿಬಾ ಕಣ್ಣು ತೆರೆಯುವುದಿಲ್ಲ. ತೆರೆದರೆ ಬೀದರದ ಆಸ್ಪತ್ರೆ, ಗೋಡೆಯ ಗಡಿಯಾರ, ತನ್ನ ಎಡಗೈಗೆ ಚುಚ್ಚಿದ ಎರಡು ದಪ್ಪ ಸೂಜಿ, ಇಷ್ಟೇ ಉಳಿಯುತ್ತವೆ ಎಂದು ಅವನಿಗೆ ಗೊತ್ತು. ನಾಲ್ಕು ತಾಸು ಅಲುಗಾಡದೆ ಮಲಗಬೇಕಾದವನು ಕನಸಿನಲ್ಲಾದರೂ ತನ್ನ ಊರಿನಲ್ಲಿರಲಿ ಬಿಡಿ.

ಅವನ ಊರು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ವಯಸ್ಸು ನಲವತ್ತೈದು. ಅಜ್ಜನ ಕಾಲದಿಂದ ಕುರಿ ಸಾಕುವ ಮನೆತನ, ಜೊತೆಗೆ ಮಳೆ ನಂಬಿದ ನಾಲ್ಕು ಎಕರೆ ಹೊಲ. ಎರಡು ವರ್ಷದ ಹಿಂದೆ ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಅಂದಿನಿಂದ ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಭಾಲ್ಕಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಬೀದರ, ಬೀದರದಲ್ಲಿ ಡಯಾಲಿಸಿಸ್. ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆಸಿಕೊಂಡು, ಇನ್ನೊಂದು ಕೊಳವೆಯಲ್ಲಿ ಮರಳಿ ಬರುತ್ತದೆ. ಹಿಂಡನ್ನು ಈಗ ತಮ್ಮ ಸಂಜುಕುಮಾರ ನೋಡಿಕೊಳ್ಳುತ್ತಾನೆ.

ಟಗರು ನೋಡುವ ಕೆಲಸ ಮಾತ್ರ ಇನ್ನೂ ಧೊಂಡಿಬಾನದೇ. ಬೀಜದ ಟಗರು ಕೊಳ್ಳುವವರು, ಇದ್ದ ಟಗರನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ಅನುಮಾನ ಬಂದವರು, ಮೆಹಕರದಿಂದ ಔರಾದದವರೆಗೆ ಎಲ್ಲರೂ ಅವನನ್ನೇ ಕೇಳುತ್ತಾರೆ. ಅವನು ಹಲ್ಲು ನೋಡುತ್ತಾನೆ, ಬೆನ್ನೆಲುಬಿನ ಮೇಲೆ ಬೆರಳಾಡಿಸುತ್ತಾನೆ, ಹಿಂಗಾಲುಗಳ ನಡುವೆ ಕೈಯಿಟ್ಟು ತೂಗಿ ನೋಡುತ್ತಾನೆ. ಆಮೇಲೆ ಮಾತು ಒಂದೇ. 'ನಡೀತದ' ಎಂದರೆ ನಡೆಯುತ್ತದೆ. 'ಮುಗೀತು' ಎಂದರೆ ಆ ಟಗರು ಮುಂದಿನ ಸಂತೆಗೆ ಹೋಗುತ್ತದೆ, ಸಂತೆಯಿಂದ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಎಷ್ಟು ಟಗರುಗಳಿಗೆ 'ಮುಗೀತು' ಅಂದಿದ್ದಾನೋ ಲೆಕ್ಕವಿಟ್ಟಿಲ್ಲ.

ಕನಸು ಲೆಕ್ಕವಿಟ್ಟಿದೆ. ಹಿಂಡೆಲ್ಲ ಒಳಗೆ ಬಂದು ಕೂತ ಮೇಲೆ ಕೊನೆಯಲ್ಲಿ ಆ ಟಗರುಗಳು ಒಂದೊಂದಾಗಿ ಬರುತ್ತವೆ. ಮಂಚದ ಕಾಲ ಬಳಿ ಸಾಲಾಗಿ ನಿಂತು ಅವನನ್ನು ನೋಡುತ್ತವೆ. ಕಣ್ಣಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ಅವು ಅವನ ಹಲ್ಲು ನೋಡುತ್ತವೆ, ಬೆನ್ನು ನೋಡುತ್ತವೆ, ಏನೋ ಹೇಳಲು ಬಾಯಿ ತೆರೆಯುತ್ತವೆ. ಅಷ್ಟರಲ್ಲಿ ಯಂತ್ರ ಕೂಗಿ ಅವನಿಗೆ ಎಚ್ಚರವಾಗುತ್ತದೆ.

ನೇರವಾಗಿ ಹೇಳಿಬಿಡೋಣ, ಧೊಂಡಿಬಾನ ಹಾಗೆ ಸುತ್ತು ಹಾಕುವುದು ನಮಗೇಕೆ? ಒಂದೂವರೆ ವರ್ಷದಿಂದ ಹೆಂಡತಿಯ ಜೊತೆ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಮೊದಮೊದಲು ದಣಿವೆಂದುಕೊಂಡ. ಆಮೇಲೆ ಮಾತ್ರೆಯ ಬಿಸಿ ಅಂದುಕೊಂಡ. ಆಮೇಲೆ ಅಂದುಕೊಳ್ಳಲು ಏನೂ ಉಳಿಯಲಿಲ್ಲ. ಆಸೆಯೂ ಸತ್ತಿದ್ದರೆ ಒಂದು ರೀತಿ ನೆಮ್ಮದಿಯಾಗುತ್ತಿತ್ತು. ಅದು ಸಾಯಲಿಲ್ಲ. ಭೀಮಬಾಯಿ ತಲೆ ಬಾಚಿಕೊಳ್ಳಲು ಅಂಗಳದಲ್ಲಿ ಕೂತರೆ ಅವನು ಈಗಲೂ ಕೈಯಲ್ಲಿನ ಕೆಲಸ ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದ. ಅವಳು ತಿರುಗಿ ನೋಡಿದರೆ ಮಾತ್ರ ಏನೋ ಹುಡುಕುವವನಂತೆ ದೊಡ್ಡಿಯ ಕಡೆ ಹೊರಟುಬಿಡುತ್ತಿದ್ದ.

ಇದರ ನಡುವೆ ಅವನಿಗೆ ಒಂದು ನೆಪ ಸಿಕ್ಕಿತು. ಡಯಾಲಿಸಿಸ್‌ಗೆಂದು ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಾಗ, ಯಂತ್ರ ನೋಡಿಕೊಳ್ಳುವ ಧಮ್ಮಪಾಲ ಎಂಬ ತರುಣ ತಿಳಿಸಿ ಹೇಳಿದ್ದ: ಈ ಕೈ ನಿಮ್ಮ ಜೀವ, ಇದರ ಮೇಲೆ ಭಾರ ಬೀಳಬಾರದು, ಇದನ್ನು ಕೆಳಗೆ ಹಾಕಿಕೊಂಡು ಮಲಗಬಾರದು. ಇಪ್ಪತ್ತೆರಡು ವರ್ಷದಿಂದ ಭೀಮಬಾಯಿ ಮಲಗಿದ್ದು ಅದೇ ಎಡಗೈ ಮೇಲೆ ತಲೆಯಿಟ್ಟು. ಧೊಂಡಿಬಾ ಮನೆಗೆ ಬಂದು ಧಮ್ಮಪಾಲನ ಮಾತು ಹೇಳಿದ, ಅದಕ್ಕೆ ತನ್ನದೂ ಎರಡು ಮಾತು ಸೇರಿಸಿದ. ಕೈ ಮುಟ್ಟಲೇಬಾರದಂತೆ, ಹತ್ತಿರ ಯಾರೂ ಮಲಗಬಾರದಂತೆ ಎಂದ. ಅವಳು ತನ್ನ ಕೌದಿ ಎತ್ತಿಕೊಂಡು ಒಳಕೋಣೆಗೆ ಹೋದಳು. ಸುಳ್ಳು ಅಷ್ಟು ಸಲೀಸಾಗಿ ನಡೆದುಹೋಯಿತೆಂದು ಅವನಿಗೆ ಹಗುರವೆನಿಸಿತು, ಆ ಹಗುರಕ್ಕೆ ನಾಚಿಕೆಯೂ ಆಯಿತು.

ಭೀಮಬಾಯಿ ದಡ್ಡಿಯಲ್ಲ. ಬಲಗೈ ಒಂದಿದೆಯಲ್ಲ ಎಂದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಅದನ್ನು ಗಂಡನೇ ಹೇಳಲಿ ಎಂದು ಕಾದಳು. ಒಂದು ವರ್ಷ ಕಾದಳು. ಅವನು ಹೇಳಲಿಲ್ಲ. ಮಗಳು ಮಾಯಾಳ ಮದುವೆಯಾಗಿ ಅವಳು ಗಂಡನ ಮನೆ ಸೇರಿದ್ದಳು, ಇನ್ನು ಇವರಿಗೆ ಈ ವಯಸ್ಸಿನಲ್ಲಿ ಅಂಥದ್ದೇನಿದೆ ಎಂದು ಜನ ಅನ್ನುವರೇ ಹೊರತು ಯಾರ ಹತ್ತಿರ ಹೇಳಿಕೊಳ್ಳುವುದು? ಆಷಾಢದ ಒಂದು ಮಧ್ಯಾಹ್ನ ಅವಳು ರೊಟ್ಟಿ ತಟ್ಟುತ್ತಲೇ, ಅವನ ಮುಖ ನೋಡದೆ ಹೇಳಿದಳು.

"ಪಂಚಮಿಗಿ ಔರಾದಕ್ಕ ಹೋಗ್ತೇನ್ರಿ. ಈ ಸಲ ಅಣ್ಣನ ಮನ್ಯಾಗ ಇದ್ದುಬಿಡ್ತೇನಿ. ನಿಮಗ ಅಡಗಿ ಮಾಡಾಕ ಸಂಜುನ ಹೆಂಡತಿ ಸಾಕು. ನನ್ನಿಂದ ನಿಮಗ ಬ್ಯಾರೆ ಏನೂ ಬೇಕಾಗಿಲ್ಲ."

ಅವನು ಮಾತಾಡಬೇಕಿತ್ತು. ಬಾಯಲ್ಲಿ ರೊಟ್ಟಿ ಇತ್ತು. ಅದನ್ನು ನುಂಗುವಷ್ಟರಲ್ಲಿ ಅವಳು ಎದ್ದು ಹಿತ್ತಲಿಗೆ ಹೋಗಿದ್ದಳು. ನಾಗರಪಂಚಮಿಗೆ ಇಪ್ಪತ್ತೈದು ದಿನ ಉಳಿದಿತ್ತು.

ಮುಂದಿನ ಮಂಗಳವಾರ ಅವನು ಡಾಕ್ಟರನ್ನು ಕೇಳಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಹೋದ. ಡಾಕ್ಟರ ಹೆಸರು ಕುಮುದಿನಿ. ಐವತ್ತು ದಾಟಿದವರು, ಮಾತು ಕಡಿಮೆ, ಮಂಚದಿಂದ ಮಂಚಕ್ಕೆ ಬೇಗ ಬೇಗ ನಡೆಯುವವರು. ಅವರು ಬಂದು, ಹೇಗಿದ್ದೀರಿ, ಏನಾದರೂ ತ್ರಾಸ ಇದೆಯೇ ಎಂದು ಕೇಳಿದರು. ಧೊಂಡಿಬಾ ಬಾಯಿ ತೆರೆದ. ಅವರ ಕೊರಳಿನ ಮಂಗಳಸೂತ್ರ ಕಂಡಿತು, ಕೈಯಲ್ಲಿನ ಪೆನ್ನು ಕಂಡಿತು. ನಿದ್ದೆ ಸರಿಯಾಗಿ ಬರುತ್ತಿಲ್ಲ ಎಂದುಬಿಟ್ಟ. ಅವರು ಅದನ್ನೇ ಬರೆದುಕೊಂಡು ಮುಂದೆ ಹೋದರು.

ಪಕ್ಕದ ಮಂಚದಲ್ಲಿದ್ದ ಅಬ್ದುಲ ವಾಹೀದ ಇದನ್ನು ನೋಡಿದ. ವಾಹೀದ ಬೀದರದ ಗಾಂಧಿ ಗಂಜ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೊಗರಿ ಮೂಟೆ ಹೊತ್ತವನು, ಈಗ ಅರವತ್ತರ ಹತ್ತಿರ. ಕ್ವಿಂಟಲ್ ತೂಕ ಬೆನ್ನಿಗೇರಿಸುತ್ತಿದ್ದ ತನಗೆ ಈಗ ಹೆಂಡತಿಯನ್ನು ಕಣ್ಣೆತ್ತಿ ನೋಡಲು ಆಗುವುದಿಲ್ಲ ಎಂದು ಒಮ್ಮೆ ನಗುತ್ತಾ ಹೇಳಿದ್ದ. ಆಗ ಧೊಂಡಿಬಾ ಅರ್ಥವಾಗದವನಂತೆ ಮೋಡದ ಮಾತು ತೆಗೆದಿದ್ದ. ಇವತ್ತು ವಾಹೀದ ದನಿ ಇಳಿಸಿ, ನಿದ್ದೆಯ ಮಾತ್ರೆ ತಿಂದರೆ ಆ ರೋಗ ಹೋಗುವುದಿಲ್ಲ ಭಾಯಿ ಎಂದ. ಧೊಂಡಿಬಾ ಕಣ್ಣು ಮುಚ್ಚಿಕೊಂಡ. ಡಾಕ್ಟರನ್ನು ಕೇಳುವ ಧೈರ್ಯ ವಾಹೀದನಿಗೂ ಇರಲಿಲ್ಲ, ಅದು ಬೇರೆ ಮಾತು.

ಅಂದು ಕುರಿಗಳು ಬೇಗ ಬಂದವು. ಆದರೆ ಈ ಸಲ ಮುಂದಿದ್ದುದು ಬಾದಶಾ. ಬಾದಶಾ ಕನಸಿನ ಟಗರಲ್ಲ, ಮನೆಯ ದೊಡ್ಡಿಯಲ್ಲಿ ಇರುವ ಟಗರೇ. ನಾಲ್ಕು ಹಲ್ಲಿನ ಪ್ರಾಯ, ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬೆರಳಗಲ ಬಿಳಿ. ಅದು ಗೊರಸು ಸಪ್ಪಳ ಮಾಡುತ್ತಾ ಬಂದು ಯಂತ್ರದ ಪಕ್ಕ, ಅವನ ಮೈಯಿಂದ ತೆಗೆದ ನೀರು ಬೀಳುವ ಬಕೆಟ್ಟಿಗೆ ಮೂತಿ ಹಾಕಿ ಕುಡಿಯತೊಡಗಿತು. ಕುಡಿದ ಹಾಗೆಲ್ಲ ಮೈ ಮಿಂಚತೊಡಗಿತು. ಅದು ಕುಡಿಯುತ್ತಿರುವುದು ತನ್ನನ್ನೇ ಎಂದು ಧೊಂಡಿಬಾನಿಗೆ ಅನಿಸಿತು. ಎಚ್ಚರವಾದ ಮೇಲೂ, ಭಾಲ್ಕಿಯ ಬಸ್ಸಿನಲ್ಲಿ ಕೂತ ಮೇಲೂ ಆ ಅನಿಸಿಕೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಕನಸು ಕಣ್ಣೆದುರಿಗೇ ನಡೆಯಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಕಾಳು, ಕಾಯಿಪಲ್ಲೆ ಏನೇ ತಿಂದರೂ ಅದರ ಲವಣ ಇಳಿದುಹೋಗುವಂತೆ ಚೆನ್ನಾಗಿ ಕುದಿಸಿ, ನೀರು ಬಸಿದು ಚೆಲ್ಲಿ ತಿನ್ನಬೇಕೆಂದು ಡಾಕ್ಟರು ಹೇಳಿದ್ದರು. ಭೀಮಬಾಯಿ ಅದನ್ನು ವ್ರತದ ಹಾಗೆ ನಡೆಸುತ್ತಿದ್ದಳು. ಅಂದೂ ಹುರುಳಿ ಕುದಿಸಿದಳು, ಪಾಲಕ ಕುದಿಸಿದಳು, ಆಲೂಗಡ್ಡೆ ಕುದಿಸಿದಳು. ಮೂರರ ನೀರನ್ನೂ ಒಂದು ಗಡಿಗೆಗೆ ಬಸಿದು ದೊಡ್ಡಿಗೆ ಒಯ್ದು ಬಾದಶಾನ ತೊಟ್ಟಿಗೆ ಸುರಿದಳು. ಹಿಂಡಿಗೆ ಬಿಡುವ ಮೊದಲು ಬೀಜದ ಟಗರಿಗೆ ಇಪ್ಪತ್ತೊಂದು ದಿನ ಹುರುಳಿ ಕಟ್ಟು, ಉತ್ತತ್ತಿ, ಒಣಕೊಬ್ಬರಿ ಕೊಟ್ಟು ಮೈಗೆ ತರುವುದು ಈ ಮನೆತನದ ಪದ್ಧತಿ. ಧೊಂಡಿಬಾನ ಅಜ್ಜ ಮಾಡಿದ್ದು, ಅಪ್ಪ ಮಾಡಿದ್ದು. ಅವಳು ಹೋದ ಮೇಲೆ ಧೊಂಡಿಬಾ ದೊಡ್ಡಿಯ ಕಟ್ಟೆಯ ಮೇಲೆ ಕೂತು ಬಾದಶಾ ಕುಡಿಯುವುದನ್ನು ನೋಡಿದ. ತನಗೆ ಬೆಂದ ಪಿಪ್ಪೆ, ಟಗರಿಗೆ ಸತ್ವ. ಎರಡು ವರ್ಷದಿಂದ ತನ್ನ ಪಾಲಿನದೆಲ್ಲ ಈ ತೊಟ್ಟಿಗೆ ಬೀಳುತ್ತಿದೆ, ಮತ್ತೆ ತನ್ನ ಮೈ ಏಳುವುದು ಹೇಗೆ?

ಹಣ್ಣು ಬೇಡ, ಎಳನೀರು ಬೇಡ, ಕಟ್ಟು ಬೇಡ ಎಂದು ಅವನಿಗೆ ನೂರು ಸಲ ಹೇಳಿದ್ದರು. ಅವನು ಮರೆತಿರಲಿಲ್ಲ. ಅದು ಮೂತ್ರಪಿಂಡದ ಮಾತು, ಇದು ಬೇರೆ ಮಾತು ಎಂದು ತನಗೆ ತಾನೇ ಹೇಳಿಕೊಂಡ. ಡಾಕ್ಟರಿಗೆ ಮೂತ್ರಪಿಂಡ ಗೊತ್ತು, ಗಂಡಸುತನದ ವಿಷಯ ಟಗರು ಸಾಕಿದವನಿಗೆ ಗೊತ್ತು. ನಾಳೆಯಿಂದ ಪಂಚಮಿಗೆ ಇಪ್ಪತ್ತೊಂದೇ ದಿನ, ಟಗರಿಗೂ ಇಪ್ಪತ್ತೊಂದೇ ದಿನ. ಅವನಿಗೆ ಅದೊಂದು ಕೈಸನ್ನೆಯ ಹಾಗೆ ಕಂಡಿತು. ಮನುಷ್ಯ ಮುಳುಗುವಾಗ ಏನು ಬೇಕಾದರೂ ಕೈಸನ್ನೆಯ ಹಾಗೆ ಕಾಣುತ್ತದೆ, ಅವನನ್ನು ಬೈಯಬೇಡಿ.

ಮರುದಿನದಿಂದ ಟಗರಿಗೆ ಕಟ್ಟು ಹಾಕುವ ಕೆಲಸ ತಾನೇ ಮಾಡುತ್ತೇನೆಂದು ಗಡಿಗೆ ಇಸಿದುಕೊಂಡ. ಗಂಡನಿಗೆ ಕೆಲಸದಲ್ಲಿ ಮನಸ್ಸು ಬಂತಲ್ಲ ಎಂದು ಭೀಮಬಾಯಿ ಕೊಟ್ಟಳು. ಅವನು ದೊಡ್ಡಿಗೆ ಹೋಗಿ, ಗೋಡೆಯ ಕಡೆ ತಿರುಗಿ, ಗಡಿಗೆಯ ಮುಕ್ಕಾಲು ಪಾಲು ಕುಡಿದು, ತಳದಲ್ಲಿ ಉಳಿದಷ್ಟನ್ನು ತೊಟ್ಟಿಗೆ ಹಾಕಿದ. ಬಾದಶಾನ ಎರಡು ಉತ್ತತ್ತಿ ತಾನು ತಿಂದ, ಕೊಬ್ಬರಿಯಲ್ಲಿ ಅರ್ಧ ತಿಂದ. ಬಾದಶಾ ಅವನನ್ನೂ ಬರಿದಾದ ತೊಟ್ಟಿಯನ್ನೂ ನೋಡಿ ಒಂದು ಸಲ ಸೀನಿತು. ಎರಡು ವರ್ಷದಿಂದ ದಿನಕ್ಕೆ ಅಳತೆಯ ನೀರು ಕುಡಿದ ಗಂಟಲಿಗೆ ಬೆಚ್ಚಗಿನ ಹುರುಳಿ ಕಟ್ಟು ಇಳಿದಾಗ ಧೊಂಡಿಬಾನ ಕಣ್ಣಲ್ಲಿ ನೀರೇ ಬಂತು.

ಮೊದಲ ವಾರ ಅವನಿಗೆ ಖುಷಿಯೋ ಖುಷಿ. ಮೈಯಲ್ಲಿ ಏನೋ ತುಂಬುತ್ತಿದೆ ಅನಿಸುತ್ತಿತ್ತು. ತುಂಬುತ್ತಿದ್ದುದು ನೀರು. ಶುಕ್ರವಾರ ಧಮ್ಮಪಾಲ ತೂಕದ ಮೇಲೆ ನಿಲ್ಲಿಸಿ, ನಾಲ್ಕು ಕೆಜಿ ಏರಿದೆಯಲ್ಲ ಕಾಕಾ, ಕೆರೆ ಕುಡಿದಿರೇನು ಎಂದು ರೇಗಿದ. ಮಗಳ ಮನೆಯಲ್ಲಿ ಹಬ್ಬ ಇತ್ತೆಂದು ಧೊಂಡಿಬಾ ಸುಳ್ಳು ಹೇಳಿದ. ಯಂತ್ರದ ಮೇಲೆ ಕನಸುಗಳು ದಟ್ಟವಾದವು. ಈಗ ಕುರಿಗಳು ಕೋಣೆಯೊಳಗೆ ಬರುತ್ತಿರಲಿಲ್ಲ, ಅವನೇ ಅವುಗಳ ಹಿಂದೆ ಹೋಗುತ್ತಿದ್ದ. ಬೀದರದ ಕೆಂಪು ಮಣ್ಣಿನ ಇಳಿಜಾರು, ಆಮೇಲೆ ಮಾಂಜ್ರಾ ನದಿಯ ತೆಳ್ಳಗಿನ ನೀರು, ನೀರಿನ ಆಚೆ ಔರಾದದ ಹೊಲಗಳು. ಅಲ್ಲಿ ಬದುವಿನ ಮೇಲೆ ಭೀಮಬಾಯಿ ತಕಲಿ ತಿರುಗಿಸುತ್ತಾ ಉಣ್ಣೆ ನೂಲುತ್ತಾ ಕೂತಿರುತ್ತಿದ್ದಳು, ಮದುವೆಯಾದ ಹೊಸದರಲ್ಲಿ ಇದ್ದ ಹಾಗೆ, ಕಾಲು ನೀಡಿಕೊಂಡು. ಅವನು ನದಿಗೆ ಇಳಿಯುತ್ತಿದ್ದ. ನೀರು ಮೊಣಕಾಲಿಗಿಂತ ಮೇಲೆ ಬರುತ್ತಲೇ ಇರಲಿಲ್ಲ, ಆದರೆ ದಂಡೆ ಹತ್ತಿರವೂ ಆಗುತ್ತಿರಲಿಲ್ಲ.

ಎರಡನೆಯ ವಾರ ಸಂಜುಕುಮಾರ, ಈ ಸಲ ಬಾದಶಾ ಯಾಕೋ ಸೊರಗುತ್ತಿದೆ, ಹುಳ ಆಗಿರಬೇಕು ಎಂದ. ಭೀಮಬಾಯಿ ಬೇವಿನ ಸೊಪ್ಪು ಅರೆದು ಟಗರಿನ ಬಾಯಿಗೆ ಹಾಕಿದಳು. ಬಡಪಾಯಿ ಟಗರು ಉಪವಾಸವನ್ನೂ ಮಾಡಿತು, ಕಹಿಯನ್ನೂ ಕುಡಿಯಿತು. ಧೊಂಡಿಬಾ ಇದನ್ನು ಕಟ್ಟೆಯ ಮೇಲೆ ಕೂತು ನೋಡಿದ.

ಪಂಚಮಿಗೆ ಮೂರು ದಿನ ಇತ್ತು, ಸೋಮವಾರ. ಬೆಳಿಗ್ಗೆ ದೊಡ್ಡಿಯಿಂದ ಅಂಗಳಕ್ಕೆ ಬರುವಾಗ ಅವನ ಕಾಲು ಏಳಲಿಲ್ಲ. ಮುಗ್ಗರಿಸಲಿಲ್ಲ, ನೋಯಲಿಲ್ಲ, ಸುಮ್ಮನೆ ಏಳಲಿಲ್ಲ. ತುಟಿಯ ಸುತ್ತ ಜುಮ್ಮೆಂದಿತು. ಎದೆಯೊಳಗೆ ಒಂದು ಬಡಿತ ಬಂದು ಇನ್ನೊಂದು ಬರಲು ಮರೆತ ಹಾಗಾಯಿತು. ಅವನು ಮೆತ್ತಗೆ ನೆಲದ ಮೇಲೆ ಕೂತ, ಹಾಗೇ ಒರಗಿದ. ಬೆನ್ನ ಕೆಳಗಿನ ಮಣ್ಣು ನದಿಯ ನೀರಿನಂತೆ ತಣ್ಣಗಿತ್ತು, ಮತ್ತು ಈ ಸಲ ಆಚೆ ದಂಡೆ ಬಹಳ ಹತ್ತಿರ ಇತ್ತು. ಹೋಗಿಬಿಡಬಹುದಿತ್ತು. ಆದರೆ ಯಾರೋ ಅವನ ಎರಡೂ ಕಂಕುಳಿಗೆ ಕೈ ಹಾಕಿ, ಕೆಸರಲ್ಲಿ ಸಿಕ್ಕ ಕುರಿಯನ್ನು ಎಳೆಯುವ ಹಾಗೆ ಹಿಂದಕ್ಕೆ ಎಳೆಯುತ್ತಿದ್ದರು. ಬಿಡು ಭೀಮಾ ಎಂದು ಅವನು ಹೇಳಿದ. ಅವಳು ಬಿಡಲಿಲ್ಲ.

ಊರಿನ ಶಾಹಿದನ ಜೀಪಿನಲ್ಲಿ, ಭಾಲ್ಕಿಯಲ್ಲೂ ನಿಲ್ಲಿಸದೆ ಬೀದರಕ್ಕೆ ತಂದರು. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಏರಿ ಹೃದಯ ನಿಲ್ಲುವುದರಲ್ಲಿತ್ತು. ಇಂಜೆಕ್ಷನ್ ಕೊಟ್ಟು ತಕ್ಷಣ ಯಂತ್ರಕ್ಕೆ ಹಾಕಿದರು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಧಮ್ಮಪಾಲ ಆಮೇಲೆ ಹೇಳಿದ.

ಮರುದಿನ ಮಂಗಳವಾರ ಮತ್ತೆ ಯಂತ್ರ. ಪಕ್ಕದ ಮಂಚದಲ್ಲಿ ಎಂದಿನಂತೆ ವಾಹೀದ. ಡಾಕ್ಟರ್ ಕುಮುದಿನಿ ಬಂದು ಈ ಸಲ ಸ್ಟೂಲು ಎಳೆದುಕೊಂಡು ಕೂತರು. ಮಂಚದ ಆಚೆ ಬದಿಗೆ ಭೀಮಬಾಯಿ ನಿಂತಿದ್ದಳು, ಎರಡು ದಿನದ ಸೀರೆಯಲ್ಲಿ. ಏನು ತಿಂದಿರಿ ಎಂದು ಡಾಕ್ಟರು ಒಂದೊಂದೇ ಹೆಸರು ಹಿಡಿದು ಕೇಳುತ್ತಾ ಹೋದರು. ಧೊಂಡಿಬಾ ಇಲ್ಲವೆಂದು ತಲೆಯಾಡಿಸುತ್ತಾ ಹೋದ. ಭೀಮಬಾಯಿಗೆ ಅದು ತನ್ನ ಮೇಲೆ ಬಂದ ಆರೋಪದಂತೆ ಕೇಳಿಸಿತು. ಎಲ್ಲವನ್ನೂ ಕುದಿಸಿ ಬಸಿದೇ ಹಾಕುತ್ತೇನೆ, ಒಂದು ಹನಿ ಕಟ್ಟು ಅವರ ಗಂಗಾಳಕ್ಕೆ ಬಿದ್ದಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟಳು.

ಹಾಗಾದರೆ ಆ ಬಸಿದ ನೀರು ಏನು ಮಾಡುತ್ತೀರಿ ಎಂದು ಡಾಕ್ಟರು ಕೇಳಿದರು.

"ಚೆಲ್ಲಂಗಿಲ್ರಿ ಬಾಯಿಯವರ, ಟಗರಿಗಿ ಹಾಕ್ತೇವಿ. ದಿನಾ ಇವರೇ ಹಾಕ್ತಾರ..."

ಅಷ್ಟು ಹೇಳಿ ಅವಳು ನಿಂತಳು. ಸೊರಗಿದ ಟಗರು, ಬೇವಿನ ಸೊಪ್ಪು, ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ ಗಂಡನ ಬೆನ್ನು, ಎಲ್ಲ ಒಂದರ ಹಿಂದೆ ಒಂದು ಅವಳ ಮುಖದ ಮೇಲೆ ಹಾದುಹೋದವು. ಅವಳು ಗಂಡನ ಕಡೆ ತಿರುಗಿದಳು.

"ಬಾದಶಾನ ಪಾಲು ನೀವು ಕುಡದ್ರೇನು?"

ಧೊಂಡಿಬಾ ಗೋಡೆಯ ಗಡಿಯಾರ ನೋಡಿದ. ಯಂತ್ರ ಇನ್ನೂ ಎರಡು ತಾಸು ಬಿಡುವಂತಿರಲಿಲ್ಲ. ಎದ್ದು ದೊಡ್ಡಿಗೆ ಹೋಗಿಬಿಡುವ ದಾರಿ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನನ್ನು ಒಂದು ಕಡೆ ಕಟ್ಟಿಹಾಕಿ ಪ್ರಶ್ನೆ ಕೇಳಿದ್ದರು.

"ಹೌದು, ನಾನೇ. ಬೀಜದ ಟಗರಿಗಿ ಕೊಟ್ಟಂಗ ನನಗ ನಾನೇ ಕೊಟ್ಕೊಂಡೆ." ಅವನು ಗಡಿಯಾರದಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ. "ಒಂದೂವರಿ ವರ್ಷ ಆತು ಭೀಮಾ, ನನ್ನ ಮೈ ಏಳವಲ್ದು. ಅದಕ್ಕ ದೂರ ಮಲಗಿದೆ. ನೀ ಬ್ಯಾಡಾಗಿ ಅಲ್ಲ. ಪಂಚಮಿಗಿ ನೀ ಹೋಗಿಬಿಡ್ತಿ ಅಂತ ಅಂಜಿಕಿ ಬಂತು."

ಎಂಟು ಮಂಚಗಳ ಕೋಣೆ. ಎಲ್ಲರೂ ಕೇಳಿಸಿಕೊಂಡರು, ಯಾರೂ ನಗಲಿಲ್ಲ. ಆಮೇಲೆ ಪಕ್ಕದ ಮಂಚದಿಂದ ವಾಹೀದ ಕೆಮ್ಮಿದ.

"ಡಾಕ್ಟರ್ ಬಾಯಿ, ನಂದೂ ಅದೇ ಅದರಿ. ನನ್ನ ಕಾಗದದಾಗೂ ಬರ್ಕೋರಿ."

ಡಾಕ್ಟರ್ ಕುಮುದಿನಿ ಬರೆದುಕೊಂಡರು. ಪೆನ್ನು ಮುಚ್ಚಿದರು. "ಇದು ನಾ ನಿಮಗ ಎರಡು ವರ್ಷದ ಹಿಂದೇ ಕೇಳಬೇಕಾಗಿತ್ತು ಧೊಂಡಿಬಾ ಅವರೆ. ಕೇಳಲಿಲ್ಲ. ತಪ್ಪು ನಂದೂ ಅದ" ಎಂದರು. ಆಮೇಲೆ ಬಿಡಿಸಿ ಹೇಳಿದರು. ಡಯಾಲಿಸಿಸ್‌ನಲ್ಲಿರುವ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ತ್ರಾಸ ಇರುತ್ತದೆ, ಹೇಳುವವರು ಮಾತ್ರ ಬೆರಳೆಣಿಕೆ. ರಕ್ತ ಕಡಿಮೆಯಾಗಿರುತ್ತದೆ, ಹಾರ್ಮೋನು ಇಳಿದಿರುತ್ತದೆ, ರಕ್ತನಾಳ ಬಿಗಿದಿರುತ್ತವೆ, ಬಿಪಿಯ ಕೆಲವು ಮಾತ್ರೆಗಳೂ ಕಾರಣವಾಗುತ್ತವೆ, ಎಲ್ಲಕ್ಕಿಂತ ಮೇಲೆ ಮನಸ್ಸಿನ ಅಂಜಿಕೆ. ಪರೀಕ್ಷೆ ಮಾಡೋಣ, ಒಂದು ಮಾತ್ರೆ ಬದಲಿಸೋಣ, ರಕ್ತ ಏರಿಸೋಣ, ಹೃದಯ ಸರಿಯಾಗಿದ್ದರೆ ಅದಕ್ಕೆಂದೇ ಇರುವ ಔಷಧಿಯನ್ನೂ ನೋಡೋಣ ಎಂದರು. ಕೆಲವರಿಗೆ ಪೂರಾ ಸರಿಹೋಗುತ್ತದೆ, ಕೆಲವರಿಗೆ ಅರ್ಧ, ಕೆಲವರಿಗೆ ಇಲ್ಲ, ಸುಳ್ಳು ಭರವಸೆ ಕೊಡುವುದಿಲ್ಲ ಎಂದೂ ಹೇಳಿದರು. ಗೋಡೆಗಳ ಮೇಲೆ ಜಾಹೀರಾತು ಅಂಟಿಸಿರುವ ಶಕ್ತಿಯ ಪುಡಿಗಳನ್ನೂ ಟಗರಿನ ಗಡಿಗೆಯನ್ನೂ ಮಾತ್ರ ಮುಟ್ಟಬೇಡಿ ಎಂದು ಎದ್ದರು.

ಭೀಮಬಾಯಿ ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಯಂತ್ರ ನಿಲ್ಲುವವರೆಗೂ ಒಳಗೆ ಬರಲಿಲ್ಲ. ಧೊಂಡಿಬಾ ಕಣ್ಣು ಮುಚ್ಚಿದ. ಕುರಿಗಳು ಬರಲಿಲ್ಲ, ಟಗರುಗಳೂ ಬರಲಿಲ್ಲ. ಖಾಲಿ ಕೋಣೆಯಲ್ಲಿ ಅವನೊಬ್ಬನೇ ಇದ್ದ.

ಬುಧವಾರ ಮಧ್ಯಾಹ್ನ ಮನೆಗೆ ಹೋಗಬಹುದು ಅಂದರು. ಹೊರಡುವ ಮುಂಚೆ ಧಮ್ಮಪಾಲ ಭೀಮಬಾಯಿಯನ್ನು ಕರೆದು, ಈ ಎಡಗೈಯನ್ನು ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತೀರಲ್ಲ ಎಂದು ಕೇಳಿದ. ಮುಟ್ಟಲೇಬಾರದಂತಲ್ಲ ಎಂದಳು ಅವಳು. ಧಮ್ಮಪಾಲ ಧೊಂಡಿಬಾನ ಮುಖ ನೋಡಿದ. ಧೊಂಡಿಬಾ ನೆಲ ನೋಡಿದ. ಭಾರ ಹಾಕಬಾರದು ಅಷ್ಟೇ ಕಾಕೂ, ಮುಟ್ಟಲೇಬೇಕು, ಒಳಗೆ ರಕ್ತ ಓಡುವ ಗುಯ್ಯೆಂಬ ಸಪ್ಪಳ ನಿಂತರೆ ಕೂಡಲೇ ಇಲ್ಲಿಗೆ ಬರಬೇಕು, ಕಿವಿ ಇಟ್ಟು ಕೇಳಿ ಎಂದ ಅವನು. ಹದಿನಾಲ್ಕು ತಿಂಗಳಾದ ಮೇಲೆ ಭೀಮಬಾಯಿ ಗಂಡನ ಎಡಗೈ ಹಿಡಿದಳು. ಬಗ್ಗಿ, ಹೊಲಿಗೆಯ ಗಂಟಿನ ಮೇಲೆ ಕಿವಿ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಅವಳ ಉಸಿರು ಅವನ ಅಂಗೈಗೆ ತಾಗುತ್ತಿತ್ತು.

"ತಕಲಿ ತಿರುಗಿದಂಗ ಅದ" ಎಂದಳು. ಅಷ್ಟೇ.

ಇಬ್ಬರೂ ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಬಂದರು. ಭಾಲ್ಕಿಯ ಬಸ್ಸೂ ಔರಾದದ ಬಸ್ಸೂ ಒಂದರ ಪಕ್ಕ ಒಂದು ನಿಂತಿದ್ದವು. ಮರುದಿನ ಪಂಚಮಿ, ಔರಾದದ ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು, ಬುಟ್ಟಿಗಳಲ್ಲಿ ಉಂಡೆ. ಭೀಮಬಾಯಿ ಚೀಲ ಹಿಡಿದುಕೊಂಡು ಔರಾದದ ಬಸ್ಸಿನ ಕಡೆ ನಡೆದಳು. ಧೊಂಡಿಬಾ ಭಾಲ್ಕಿಯ ಬಸ್ಸಿನ ಪಕ್ಕ ನಿಂತುಬಿಟ್ಟ. ಅವಳ ಬೆನ್ನು ಮೆಟ್ಟಿಲು ಹತ್ತಿ ಒಳಗೆ ಹೋಗುವುದನ್ನು ನೋಡಿದ. ಹೇಳಿದ ಮೇಲೂ ಹೋದಳಲ್ಲ ಎಂದುಕೊಂಡ. ಹೇಳಿದ್ದಕ್ಕೇ ಹೋದಳೇನೋ ಎಂದೂ ಅನಿಸಿತು. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಬರೀ ದುಃಖ ಬಂತು. ಸಂತೆಗೆ ಹೊರಟ ಟಗರು ಹಿಂತಿರುಗಿ ನೋಡುವುದು ಯಾಕೆಂದು ಅವನಿಗೆ ಇಂದು ತಿಳಿಯಿತು.

ಕಿಟಕಿಯಿಂದ ಅವಳ ಮುಖ ಹೊರಗೆ ಬಂತು.

"ಅಲ್ಯಾಕ ನಿಂತ್ರಿ? ಹತ್ರಿ. ಜಾಗಾ ಹಿಡದೇನಿ."

ಅವನು ಹತ್ತಿದ. ಅವಳು ಎಡಬದಿಯ ಸಾಲಿನಲ್ಲಿ ಇಬ್ಬರ ಸೀಟು ಹಿಡಿದು, ಕಿಟಕಿಯ ಬಳಿ ತಾನೇ ಕೂತಿದ್ದಳು, ಇಪ್ಪತ್ತೆರಡು ವರ್ಷ ಕೂತ ಹಾಗೆ, ಅವನ ಎಡಕ್ಕೆ. ಅವನು ಬಂದದ್ದನ್ನು ನೋಡಿ ಏನೋ ನೆನಪಾದವಳಂತೆ ಎದ್ದಳು. ಅವನನ್ನು ಕಿಟಕಿಗೆ ಕೂರಿಸಿ, ಎಡಗೈ ಯಾರಿಗೂ ತಾಗದಂತೆ ಸರಿಮಾಡಿ, ತಾನು ಅವನ ಬಲಕ್ಕೆ ಕೂತಳು. ಎರಡು ದಿನ ಇಬ್ಬರೂ ಔರಾದದಲ್ಲಿ ಇರೋಣ, ಶುಕ್ರವಾರ ಅಲ್ಲಿಂದಲೇ ಬೀದರಕ್ಕೆ ಬಂದರಾಯಿತು, ಕಟ್ಟು ಬಸಿದ ಊಟ ಅಣ್ಣನ ಮನೆಯಲ್ಲೂ ತಾನೇ ಮಾಡುತ್ತೇನೆ ಎಂದು ಕಂಡಕ್ಟರಿಗೆ ರೊಕ್ಕ ಕೊಡುತ್ತಲೇ ಹೇಳಿದಳು. ಬಾದಶಾನಿಗೆ ಇಪ್ಪತ್ತೊಂದು ದಿನದ ಪಾಲು ಹೊಸದಾಗಿ ಶುರು ಮಾಡು ಎಂದು ಸಂಜುಕುಮಾರನಿಗೆ ಫೋನು ಮಾಡಿದ್ದಳಂತೆ.

ಬಸ್ಸು ಊರು ದಾಟಿತು. ಬಹಳ ಹೊತ್ತಾದ ಮೇಲೆ ಧೊಂಡಿಬಾ, ಹೊರಗೆ ನೋಡುತ್ತಲೇ, ಒಂದೂವರೆ ವರ್ಷದಿಂದ ನುಂಗಿಕೊಂಡದ್ದನ್ನು ಹೇಳಿದ.

"ಡಾಕ್ಟರ್ ಬಾಯಿ ಏನರೆ ಅನ್ಲಿ ಭೀಮಾ. ನಂದು ಮುಗೀತು ಅನಸ್ತದ."

ಭೀಮಬಾಯಿ ತಿರುಗಿ ಅವನ ಮುಖ ಪೂರಾ ನೋಡಿದಳು, ಅವನು ಟಗರನ್ನು ನೋಡುವ ಹಾಗೆ, ನಿಧಾನವಾಗಿ.

"ಮುಗೀತು ಅಂತ ಟಗರಿಗಿ ಹೇಳಾವರು ನೀವು. ನಿಮಗ ಹೇಳಾಕಿ ನಾನು. ನಾ ಇನ್ನಾ ಹೇಳಿಲ್ಲ."

ಹಾಗೆಂದು ಅವಳು ತುಂಬಿದ ಬಸ್ಸಿನಲ್ಲಿ, ಹಾಡುಹಗಲಿನಲ್ಲಿ, ಅವನ ಬಲಭುಜದ ಮೇಲೆ ತಲೆಯಿಟ್ಟಳು. ಎದುರಿನ ಸೀಟಿನ ಮುದುಕಿಯೊಬ್ಬಳು ನೋಡಿ, ನೋಡದವಳಂತೆ ಮುಖ ತಿರುಗಿಸಿದಳು. ಎರಡು ದಿನದಿಂದ ಕಣ್ಣು ಮುಚ್ಚದ ಭೀಮಬಾಯಿಗೆ ನಾಲ್ಕು ಮೈಲಿ ಹೋಗುವಷ್ಟರಲ್ಲಿ ನಿದ್ದೆ ಹತ್ತಿತು. ಬಸ್ಸು ಮಾಂಜ್ರಾದ ಸೇತುವೆ ಹತ್ತಿತು. ಕೆಳಗೆ ಮಳೆಗಾಲದ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಧೊಂಡಿಬಾ ಭುಜ ಅಲುಗದಂತೆ ನೆಟ್ಟಗೆ ಕೂತು, ಕಣ್ಣು ತೆರೆದುಕೊಂಡೇ ಆಚೆ ದಂಡೆಗೆ ದಾಟಿದ.